ಕನ್ನಡ ಮಾಧ್ಯಮದಿಂದ ಪಿಯು ವಿಜ್ಞಾನಕ್ಕೆ: ಮೊದಲ ಆರು ತಿಂಗಳ ಗೊಂದಲವನ್ನು ಕೆಲಸಕ್ಕೆ ಹಚ್ಚುವುದು ಹೇಗೆ?

ಕನ್ನಡ ಮಾಧ್ಯಮದಲ್ಲಿ ಓದಿ ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ತೊಂಬತ್ತರ ಮೇಲೆ ತೆಗೆದವರು ಜೂನ್‌ನಲ್ಲಿ ಇಂಗ್ಲಿಷಿನಲ್ಲಿ ಪಾಠ ನಡೆಯುವ ಪಿಯು ವಿಜ್ಞಾನ ತರಗತಿಗೆ ಬಂದು ಕೂರುತ್ತಾರೆ. ಎರಡನೇ ವಾರದ ಹೊತ್ತಿಗೆ ಮುಖ ಸಣ್ಣಗಾಗಿರುತ್ತದೆ. ವೇಗೋತ್ಕರ್ಷ ಅಂದರೇನು ಅಂತ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದವರಿಗೆ ‘ಆಕ್ಸಿಲರೇಷನ್’ ಅಂದ ಕೂಡಲೇ ಬಾಯಿ ಕಟ್ಟುತ್ತದೆ. ಪಕ್ಕದ ಬೆಂಚಿನವರು ತಲೆ ಆಡಿಸುತ್ತಿರುತ್ತಾರೆ. ಅವರಿಗೆಲ್ಲ ಗೊತ್ತು, ನನಗೊಬ್ಬನಿಗೇ ಗೊತ್ತಿಲ್ಲ ಅನ್ನಿಸುತ್ತದೆ. ಅಲ್ಲಿಂದ ‘ನನಗೆ ಸೈನ್ಸ್ ಆಗಿಬರಲ್ಲ’ ಅನ್ನುವ ಮಾತಿಗೆ ಜಾಸ್ತಿ ದೂರ ಇಲ್ಲ.

ನಾನು ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುವವನು. ಪ್ರತಿ ವರ್ಷ ಈ ಮುಖಗಳನ್ನು ನೋಡುತ್ತೇನೆ. ಸಾಮಾನ್ಯವಾಗಿ ಇವರಿಗೆ ಸಿಗುವ ಸಲಹೆ ಒಂದೇ: ‘ಸ್ವಲ್ಪ ದಿನ ಕಷ್ಟ, ಆಮೇಲೆ ಅಭ್ಯಾಸ ಆಗುತ್ತೆ.’ ಅದು ಸುಳ್ಳಲ್ಲ. ಆದರೆ ಅಭ್ಯಾಸ ಆಗುವ ದಾರಿ ಎರಡಿವೆ. ಒಂದು, ಇಂಗ್ಲಿಷ್ ವಾಕ್ಯಗಳನ್ನು ಉರು ಹೊಡೆದು ಗೊಂದಲವನ್ನು ಮುಚ್ಚಿಬಿಡುವುದು. ಇನ್ನೊಂದು, ಗೊಂದಲ ಇರುವಾಗಲೇ ಅದನ್ನು ಹಿಡಿದು, ಇದು ಎಲ್ಲಿ ಹುಟ್ಟಿತು ಅಂತ ಹುಡುಕುತ್ತಾ ಹೋಗುವುದು. ಮೊದಲ ದಾರಿಯಲ್ಲಿ ಹೋದವರು ದ್ವಿತೀಯ ಪಿಯುನಲ್ಲಿ ಸಿಕ್ಕಿಬೀಳುತ್ತಾರೆ. ಎರಡನೆಯದರಲ್ಲಿ ಹೋದವರು ಎಷ್ಟೋ ಸಲ ಒಂದನೇ ತರಗತಿಯಿಂದ ಇಂಗ್ಲಿಷಿನಲ್ಲೇ ಓದಿದವರಿಗಿಂತ ಚೆನ್ನಾಗಿ ವಿಷಯ ಹಿಡಿಯುತ್ತಾರೆ. ಯಾಕೆ ಅಂತ ಮುಂದೆ ಹೇಳುತ್ತೇನೆ. ಈ ಲೇಖನ ಎರಡನೇ ದಾರಿಗೆ.

ಹೆಜ್ಜೆ 1: ಏನು ಬದಲಾಗಿಲ್ಲ ಅಂತ ಮೊದಲು ನೋಡಿ

ಹತ್ತನೇ ತರಗತಿಯ ಪುಸ್ತಕಗಳನ್ನು ರದ್ದಿಗೆ ಹಾಕಬೇಡಿ. ಒಂಬತ್ತನೆಯದು ಮನೆಯಲ್ಲಿದ್ದರೆ ಅದನ್ನೂ ಇಟ್ಟುಕೊಳ್ಳಿ. ಒಂಬತ್ತರ ವಿಜ್ಞಾನದಲ್ಲಿ ಚಲನೆಯ ಪಾಠ ತೆಗೆಯಿರಿ. ಪಕ್ಕದಲ್ಲಿ ಪಿಯು ಫಿಸಿಕ್ಸ್ ಪುಸ್ತಕದಲ್ಲಿ ಸರಳರೇಖೆಯ ಚಲನೆಯ ಅಧ್ಯಾಯ ತೆರೆದಿಡಿ. ಓದುವುದು ಬೇಡ, ಸುಮ್ನೆ ಕಣ್ಣಾಡಿಸಿ.

ಸೂತ್ರಗಳನ್ನು ನೋಡಿ. ಕನ್ನಡ ಪುಸ್ತಕದಲ್ಲೂ ವಿ, ಯು, ಎ, ಟಿ ಅಕ್ಷರಗಳು ಇಂಗ್ಲಿಷಿನಲ್ಲೇ ಇದ್ದವು. ಗ್ರಾಫ್ ಹಾಗೇ ಇದೆ. ಸೋಡಿಯಂಗೆ ಎನ್‌ಎ, ಕಬ್ಬಿಣಕ್ಕೆ ಎಫ್‌ಇ ಅಂತ ಬರೆದದ್ದು ಹಾಗೇ ಇದೆ. ಮಸೂರದ ಕಿರಣರೇಖಾಚಿತ್ರ, ವಿದ್ಯುತ್ ಮಂಡಲದ ಚಿತ್ರ, ಪೈಥಾಗೊರಸ್ ಪ್ರಮೇಯ, ವರ್ಗ ಸಮೀಕರಣ ಬಿಡಿಸುವ ರೀತಿ ಯಾವುದೂ ಬದಲಾಗಿಲ್ಲ. ಬದಲಾದದ್ದು ಇವುಗಳ ನಡುವೆ ಇರುವ ಮಾತು.

ಇದು ಸಮಾಧಾನಕ್ಕೆ ಹೇಳುವ ಮಾತಲ್ಲ, ಕೆಲಸಕ್ಕೆ ಬರುವ ಮಾಹಿತಿ. ತರಗತಿಯಲ್ಲಿ ದಾರಿ ತಪ್ಪಿದಾಗ ಮಾತನ್ನು ಬಿಟ್ಟು ಬೋರ್ಡಿನ ಮೇಲಿರುವ ಸೂತ್ರ, ಚಿತ್ರ ಹಿಡಿದುಕೊಳ್ಳಿ. ಅಲ್ಲಿಂದ ಹಿಂದಕ್ಕೆ ಬನ್ನಿ. ‘ವಿ ಸಮ ಯು ಕೂಡು ಎಟಿ’ ಕಂಡಿತಾ? ಹಾಗಾದರೆ ಮೇಷ್ಟ್ರು ಹೇಳುತ್ತಿರುವುದು ಏಕರೂಪ ವೇಗೋತ್ಕರ್ಷದ ವಿಚಾರ. ಅರ್ಧ ಪಾಠ ಹೀಗೇ ಸಿಗುತ್ತದೆ.

ಹೆಜ್ಜೆ 2: ಗೊಂದಲಕ್ಕೆ ಗುರುತು ಹಾಕಿ

ಇದು ಎಲ್ಲಕ್ಕಿಂತ ಮುಖ್ಯ. ಉಳಿದದ್ದು ಮರೆತರೂ ಇದನ್ನು ಮಾಡಿ.

‘ಏನೂ ಅರ್ಥ ಆಗ್ತಿಲ್ಲ ಸಾರ್’ ಅಂತ ಹೇಳಿದವರನ್ನು ಕೂರಿಸಿಕೊಂಡು ಸಾಲುಸಾಲಾಗಿ ಕೇಳಿದರೆ ಯಾವತ್ತೂ ‘ಏನೂ’ ಅಲ್ಲ. ಮೂರು ಬೇರೆ ಬೇರೆ ತೊಡಕುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಒಂದು, ಪದ ಗೊತ್ತಿಲ್ಲ, ವಿಷಯ ಗೊತ್ತು. ‘ರಿಫ್ರ್ಯಾಕ್ಷನ್’ ಅಂದರೆ ಹತ್ತರಲ್ಲಿ ಓದಿದ ವಕ್ರೀಭವನ, ಅಷ್ಟೇ. ಎರಡು, ಪದಗಳೆಲ್ಲ ಗೊತ್ತು, ಆದರೆ ವಾಕ್ಯ ಬಿಡಿಸಲು ಬರುತ್ತಿಲ್ಲ. ಮೂರು, ಪದವೂ ಗೊತ್ತು, ವಾಕ್ಯವೂ ಗೊತ್ತು, ವಿಷಯವೇ ಹೊಸದು, ಕಷ್ಟದ್ದು.

ನೋಟ್ಸ್ ಬರೆಯುವಾಗ ತಿಳಿಯದ ಸಾಲಿನ ಪಕ್ಕ ಅಂಚಿನಲ್ಲಿ ಒಂದು ಅಕ್ಷರ ಹಾಕಿ. ಪದದ ತೊಡಕಿಗೆ ‘ಪ’, ವಾಕ್ಯಕ್ಕೆ ‘ವಾ’, ವಿಷಯಕ್ಕೆ ‘ವಿ’. ಯಾವುದು ಅಂತ ಗೊತ್ತಾಗದಿದ್ದರೆ ಪ್ರಶ್ನೆ ಗುರುತು ಹಾಕಿ ಮುಂದೆ ಹೋಗಿ. ತರಗತಿಯಲ್ಲಿ ನಿಂತು ಯೋಚಿಸುತ್ತಾ ಕೂತರೆ ಮುಂದಿನ ಸಾಲೂ ಹೋಗುತ್ತದೆ. ಸಂಜೆ ಮನೆಯಲ್ಲೋ ಹಾಸ್ಟೆಲಿನಲ್ಲೋ ಕೂತು ಗುರುತುಗಳನ್ನು ನೋಡಿ.

ಹೆಚ್ಚಿನವರ ಪುಟದಲ್ಲಿ ಜೂನ್, ಜುಲೈನಲ್ಲಿ ‘ಪ’ ತುಂಬಿರುತ್ತದೆ. ಆಗಸ್ಟ್ ಹೊತ್ತಿಗೆ ‘ಪ’ ಕಡಿಮೆಯಾಗಿ ‘ವಾ’ ಕಾಣಿಸುತ್ತದೆ. ದಸರಾ ರಜೆ ಕಳೆದ ಮೇಲೆ ‘ವಿ’ ಜಾಸ್ತಿಯಾಗುತ್ತದೆ. ಆಗ ಗಾಬರಿ ಬೀಳಬೇಡಿ. ‘ವಿ’ ಜಾಸ್ತಿಯಾಯಿತು ಅಂದರೆ ನೀವು ಭಾಷೆಯ ಗೋಡೆ ದಾಟಿ ವಿಜ್ಞಾನದ ಹತ್ತಿರ ಬಂದಿದ್ದೀರಿ. ಅಲ್ಲಿ ಇಂಗ್ಲಿಷ್ ಮಾಧ್ಯಮದವರೂ ನಿಮ್ಮ ಜೊತೆಗೇ ನಿಂತಿರುತ್ತಾರೆ. ಕೆಮಿಸ್ಟ್ರಿಯಲ್ಲಿ ಮೋಲ್ ಲೆಕ್ಕ ಬಂದ ದಿನ ಸುತ್ತ ನೋಡಿ, ಗೊತ್ತಾಗುತ್ತದೆ.

ಹೆಜ್ಜೆ 3: ಪದವನ್ನು ಒಡೆದು ನೋಡಿ

ಇಲ್ಲಿ ಕನ್ನಡದಲ್ಲಿ ಓದಿ ಬಂದವರಿಗೆ ದೊಡ್ಡ ಲಾಭ ಇದೆ. ಅದು ಲಾಭ ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ.

‘ಫೋಟೋಸಿಂಥೆಸಿಸ್’ ಅನ್ನುವ ಪದವನ್ನು ಆರನೇ ತರಗತಿಯಿಂದ ಕೇಳಿದವರಿಗೆ ಅದು ಬರೀ ಸದ್ದು. ಅಭ್ಯಾಸ ಆಗಿಬಿಟ್ಟಿದೆ, ಒಳಗೆ ಏನಿದೆ ಅಂತ ನೋಡುವ ಅಗತ್ಯ ಬಿದ್ದಿಲ್ಲ. ನಿಮಗೆ ಅದು ಹೊಸದು, ಹಾಗಾಗಿ ನಿಲ್ಲಬೇಕಾಗುತ್ತದೆ. ನಿಂತು ನೋಡಿ. ಫೋಟೋ ಅಂದರೆ ಬೆಳಕು, ಸಿಂಥೆಸಿಸ್ ಅಂದರೆ ಜೋಡಿಸಿ ಕಟ್ಟುವುದು. ನೀವು ಓದಿದ ದ್ಯುತಿಸಂಶ್ಲೇಷಣೆಯಲ್ಲೂ ಅದೇ ಇದೆ: ದ್ಯುತಿ ಬೆಳಕು, ಸಂಶ್ಲೇಷಣೆ ಜೋಡಣೆ. ಹೈಡ್ರೋಜನ್ ಅಂದರೆ ನೀರು ಹುಟ್ಟಿಸುವುದು, ಜಲಜನಕವೂ ಅದೇ.

ಆಕ್ಸಿಜನ್ ಇನ್ನೂ ಮಜವಾಗಿದೆ. ಈ ಹೆಸರು ಇಟ್ಟವನು ಫ್ರಾನ್ಸಿನ ಲವಾಸಿಯೆ, ಹದಿನೆಂಟನೇ ಶತಮಾನದಲ್ಲಿ. ಆಮ್ಲ ಹುಟ್ಟಿಸುವುದು ಅನ್ನುವ ಅರ್ಥದಲ್ಲಿ ಗ್ರೀಕ್ ಪದಗಳನ್ನು ಜೋಡಿಸಿ ಇಟ್ಟ. ಎಲ್ಲ ಆಮ್ಲಗಳಲ್ಲೂ ಈ ಅನಿಲ ಇರಲೇಬೇಕು ಅಂತ ಅವನ ಲೆಕ್ಕ. ನಮ್ಮವರು ಅದನ್ನೇ ಆಮ್ಲಜನಕ ಅಂದರು. ಈಗ ಹತ್ತನೇ ತರಗತಿಯಲ್ಲಿ ಬರೆದ ಹೈಡ್ರೋಕ್ಲೋರಿಕ್ ಆಮ್ಲದ ಸೂತ್ರ ನೆನಪಿಸಿಕೊಳ್ಳಿ. ಹೈಡ್ರೋಜನ್ ಇದೆ, ಕ್ಲೋರಿನ್ ಇದೆ. ಆಕ್ಸಿಜನ್ ಎಲ್ಲಿದೆ? ಇಲ್ಲ! 1810ರ ಸುಮಾರಿಗೆ ಇಂಗ್ಲೆಂಡಿನ ಹಂಫ್ರಿ ಡೇವಿ ಇದನ್ನು ತೋರಿಸಿದ ಮೇಲೆ ಲವಾಸಿಯೆಯ ಲೆಕ್ಕ ಬಿದ್ದುಹೋಯಿತು, ಹೆಸರು ಮಾತ್ರ ಉಳಿಯಿತು. ಆಮ್ಲಜನಕ ಅಂತ ಓದಿದವರಿಗೆ ಈ ತಪ್ಪು ಹೆಸರಿನಲ್ಲೇ ಕಾಣುತ್ತದೆ. ಆಕ್ಸಿಜನ್ ಅಂತಲೇ ಓದಿದವರಿಗೆ ಕಾಣುವ ಸಾಧ್ಯತೆ ಕಡಿಮೆ.

ಇನ್ನೊಂದು ಲಾಭ. ಇಂಗ್ಲಿಷಿನಲ್ಲಿ ಒಂದೇ ಪದ ಎರಡು ಮೂರು ಕಡೆ ದುಡಿಯುತ್ತದೆ. ‘ಬೇಸ್’ ಅಂದರೆ ಕೆಮಿಸ್ಟ್ರಿಯಲ್ಲಿ ಪ್ರತ್ಯಾಮ್ಲ, ಜ್ಯಾಮಿತಿಯಲ್ಲಿ ತ್ರಿಭುಜದ ಪಾದ. ‘ಸೆಲ್’ ಅಂದರೆ ಬಯಾಲಜಿಯಲ್ಲಿ ಜೀವಕೋಶ, ವಿದ್ಯುತ್ತಿನ ಪಾಠದಲ್ಲಿ ಟಾರ್ಚಿಗೆ ಹಾಕುವ ಶೆಲ್ಲು. ‘ಪವರ್’ ಅಂದರೆ ಫಿಸಿಕ್ಸಿನಲ್ಲಿ ಸಾಮರ್ಥ್ಯ, ಮ್ಯಾಥ್ಸಿನಲ್ಲಿ ಘಾತ, ಮನೆಯಲ್ಲಿ ಕರೆಂಟು. ಕನ್ನಡದಲ್ಲಿ ಇವಕ್ಕೆ ಬೇರೆ ಬೇರೆ ಹೆಸರು ಕಲಿತಿದ್ದೀರಿ, ಹಾಗಾಗಿ ಇವು ಬೇರೆ ಬೇರೆ ವಸ್ತುಗಳು ಅಂತ ನಿಮ್ಮ ತಲೆಯಲ್ಲಿ ಮೊದಲೇ ಕೂತಿದೆ.

ಮಾಡಬೇಕಾದದ್ದು ಇಷ್ಟು. ಒಂದು ಇನ್ನೂರು ಪುಟದ ಪುಸ್ತಕ ತೆಗೆದುಕೊಳ್ಳಿ. ಪ್ರತಿ ‘ಪ’ ಗುರುತಿಗೂ ಇಂಗ್ಲಿಷ್ ಪದ, ಕನ್ನಡ ಪದ, ಆಮೇಲೆ ನಿಮ್ಮದೇ ಮಾತಿನಲ್ಲಿ ಒಂದು ಸಾಲು ಅಥವಾ ಸಣ್ಣ ಚಿತ್ರ. ಮೂರನೆಯದನ್ನು ಬಿಡಬೇಡಿ. ಬರೀ ಇಂಗ್ಲಿಷ್–ಕನ್ನಡ ಪಟ್ಟಿ ಮಾಡಿದರೆ ಅದು ಇನ್ನೊಂದು ಉರು ಹೊಡೆಯುವ ವಸ್ತುವಾಗುತ್ತದೆ. ಮೊಬೈಲಿನಲ್ಲಿ ಸಿಗುವ ತಯಾರಾದ ಪದಕೋಶದ ಪಿಡಿಎಫ್ ಕೂಡ ಅಷ್ಟೇ. ಡೌನ್‌ಲೋಡ್ ಮಾಡಿದ ತೃಪ್ತಿ ಬಿಟ್ಟು ಬೇರೇನೂ ಸಿಗುವುದಿಲ್ಲ. ದಿನಕ್ಕೆ ಎಂಟು ಹತ್ತು ಪದ ಸಾಕು.

ಒಂದು ಕಡೆ ಎಚ್ಚರ ಬೇಕು. ನಮ್ಮ ಪಠ್ಯದಲ್ಲಿ ಸ್ಪೀಡ್‌ಗೆ ‘ಜವ’, ವೆಲಾಸಿಟಿಗೆ ‘ವೇಗ’. ಆದರೆ ಮನೆಯಲ್ಲಿ, ಬಸ್ಸಿನಲ್ಲಿ ನಾವು ಎರಡಕ್ಕೂ ವೇಗ ಅಂತಲೇ ಹೇಳುವುದು. ಈ ಜೋಡಿಯನ್ನು ಪುಸ್ತಕದಲ್ಲಿ ಚಿತ್ರ ಸಮೇತ ಬರೆದುಕೊಳ್ಳಿ. ವೆಲಾಸಿಟಿಗೆ ದಿಕ್ಕು ಇದೆ, ಸ್ಪೀಡ್‌ಗೆ ಇಲ್ಲ.

ಪದ ಗೊತ್ತಿಲ್ಲದೆ ಒದ್ದಾಡುವುದು ನಿಮ್ಮೊಬ್ಬರ ಪಾಡೂ ಅಲ್ಲ. ಮೈಕೆಲ್ ಫ್ಯಾರಡೆ ಜಾಸ್ತಿ ಶಾಲೆಗೆ ಹೋದವನಲ್ಲ, ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿತವನು. ದ್ರಾವಣದಲ್ಲಿ ವಿದ್ಯುತ್ ಹರಿಸಿ ಏನಾಗುತ್ತದೆ ಅಂತ ಕಂಡುಕೊಂಡ. ಹೇಳಲು ಹೋದರೆ ಅವನಿಗೆ ಸರಿಯಾದ ಪದ ಇರಲಿಲ್ಲ. ಕೇಂಬ್ರಿಜ್‌ನ ವಿಲಿಯಂ ಹ್ಯೂವೆಲ್‌ಗೆ ಕಾಗದ ಬರೆದು ಕೇಳಿದ. ಆನೋಡ್, ಕ್ಯಾಥೋಡ್, ಅಯಾನ್ ಪದಗಳು ಹಾಗೆ ಬಂದವು, 1834ರಲ್ಲಿ. ಅವನಿಗೆ ವಿಷಯ ಮೊದಲು ಸಿಕ್ಕಿತು, ಪದ ಆಮೇಲೆ. ನಿಮ್ಮದೂ ಹೆಚ್ಚುಕಡಿಮೆ ಅದೇ ಸ್ಥಿತಿ.

ಹೆಜ್ಜೆ 4: ಸಣ್ಣ ಪದಗಳಿಗೆ ಗಮನ ಕೊಡಿ

ದೊಡ್ಡ ಪದಗಳ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ನಿಜವಾಗಿ ಪರೀಕ್ಷೆಯಲ್ಲಿ ಅಂಕ ತಿನ್ನುವುದು ಸಣ್ಣ ಪದಗಳು. ‘ರೆಸ್ಪೆಕ್ಟಿವ್ಲಿ’ ಅಂದರೆ ಕ್ರಮವಾಗಿ. ಇದು ತಿಳಿಯದಿದ್ದರೆ ಯಾವ ಬೆಲೆ ಯಾವುದಕ್ಕೆ ಅಂತ ಗೊತ್ತಾಗದೆ ಇಡೀ ಲೆಕ್ಕ ಹೋಗುತ್ತದೆ. ‘ಅನ್‌ಲೆಸ್’ (ಹಾಗಾಗದಿದ್ದರೆ), ‘ಪ್ರೊವೈಡೆಡ್ ದಟ್’ (ಹಾಗಿದ್ದರೆ ಮಾತ್ರ), ‘ವೇರ್ಯಾಸ್’ (ಆದರೆ ಇನ್ನೊಂದು ಕಡೆ), ‘ಹೆನ್ಸ್’ (ಆದ್ದರಿಂದ), ‘ವಿತ್ ರೆಸ್ಪೆಕ್ಟ್ ಟು’ (ಇದಕ್ಕೆ ಹೋಲಿಸಿ ನೋಡಿದರೆ), ‘ನೆಗ್ಲೆಕ್ಟಿಂಗ್’ (ಲೆಕ್ಕಕ್ಕೆ ತೆಗೆದುಕೊಳ್ಳದೆ) ಇವೂ ಹಾಗೇ. ಇವು ಯಾವ ಪಾಠದ ಕೊನೆಯ ಪದಪಟ್ಟಿಯಲ್ಲೂ ಇರುವುದಿಲ್ಲ. ಇಂಗ್ಲಿಷ್ ಮೇಷ್ಟ್ರು ಇವನ್ನು ಫಿಸಿಕ್ಸಿನವರು ಹೇಳುತ್ತಾರೆ ಅಂದುಕೊಂಡಿರುತ್ತಾರೆ, ನಾವು ಅವರು ಹೇಳಿರುತ್ತಾರೆ ಅಂದುಕೊಂಡಿರುತ್ತೇವೆ!

ಪ್ರಶ್ನೆಯ ಮೊದಲ ಪದವನ್ನೂ ಹೀಗೇ ನೋಡಿ. ‘ಡಿಫೈನ್’ ಅಂದರೆ ವ್ಯಾಖ್ಯೆ ಕೊಡಿ. ‘ಸ್ಟೇಟ್’ ಅಂದರೆ ನಿಯಮವನ್ನು ಹೇಳಿ, ವಿವರಣೆ ಬೇಡ. ‘ಡಿರೈವ್’ ಅಂದರೆ ಹಂತಹಂತವಾಗಿ ಸೂತ್ರ ಪಡೆಯಿರಿ. ‘ಡಿಸ್ಟಿಂಗ್ವಿಶ್’ ಅಂದರೆ ವ್ಯತ್ಯಾಸ ಬರೆಯಿರಿ. ಇಂಥ ಆಜ್ಞಾಪದಗಳು ಎಲ್ಲ ಸೇರಿ ಇಪ್ಪತ್ತರ ಆಸುಪಾಸು. ಒಂದು ಭಾನುವಾರದ ಕೆಲಸ.

ವಾಕ್ಯ ಬಿಡಿಸುವುದಕ್ಕೆ ಒಂದು ಉದಾಹರಣೆ. ‘ಎ ಬಸ್ ಸ್ಟಾರ್ಟ್ಸ್ ಫ್ರಮ್ ರೆಸ್ಟ್ ಅಂಡ್ ಮೂವ್ಸ್ ವಿತ್ ಯೂನಿಫಾರ್ಮ್ ಆಕ್ಸಿಲರೇಷನ್ ಆಫ್ 2 ಮೀಟರ್ ಪರ್ ಸೆಕೆಂಡ್ ಸ್ಕ್ವೇರ್ ಫಾರ್ 5 ಸೆಕೆಂಡ್ಸ್.’ ಇದನ್ನು ಇಡಿಯಾಗಿ ಅನುವಾದ ಮಾಡಲು ಹೋಗಬೇಡಿ. ತುಂಡು ಮಾಡಿ, ಪ್ರತಿ ತುಂಡಿನ ಕೆಳಗೆ ಅದರ ಗಣಿತ ಬರೆಯಿರಿ. ‘ಸ್ಟಾರ್ಟ್ಸ್ ಫ್ರಮ್ ರೆಸ್ಟ್’ ಅಂದರೆ ನಿಂತಲ್ಲಿಂದ ಹೊರಟಿತು, ಯು ಸೊನ್ನೆ. ‘ಯೂನಿಫಾರ್ಮ್ ಆಕ್ಸಿಲರೇಷನ್’ ಇದ್ದುದರಿಂದ ಚಲನೆಯ ಮೂರು ಸಮೀಕರಣ ಬಳಸಬಹುದು, ಎ ಬೆಲೆ 2. ಟಿ ಬೆಲೆ 5. ಕೊನೆಯ ವೇಗ ಸೆಕೆಂಡಿಗೆ 10 ಮೀಟರ್, ಕ್ರಮಿಸಿದ ದೂರ 25 ಮೀಟರ್. ವಾಕ್ಯದಿಂದ ನೇರವಾಗಿ ಚಿಹ್ನೆಗೆ ಹೋದಿರಿ, ನಡುವೆ ಪೂರ್ತಿ ಕನ್ನಡ ವಾಕ್ಯ ಬೇಕಾಗಲಿಲ್ಲ. ಈ ಅಭ್ಯಾಸ ಬಂದರೆ ಓದುವ ವೇಗ ತಾನಾಗಿ ಏರುತ್ತದೆ. ಸಿಇಟಿಯಲ್ಲಿ ಒಂದು ವಿಷಯಕ್ಕೆ 80 ನಿಮಿಷ, 60 ಪ್ರಶ್ನೆ. ಪ್ರಶ್ನೆಗೆ 80 ಸೆಕೆಂಡು. ಅಲ್ಲಿ ವಾಕ್ಯ ಎರಡು ಸಲ ಓದುವ ಪುರುಸೊತ್ತು ಇರುವುದಿಲ್ಲ.

ಇದಕ್ಕೆ ಒಳ್ಳೆಯ ಸಾಮಗ್ರಿ ಅಂದರೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಅಚ್ಚಾದ ದ್ವಿತೀಯ ಪಿಯು ಹಳೆಯ ಪ್ರಶ್ನೆಪತ್ರಿಕೆಗಳು. ಒಂದೇ ಪ್ರಶ್ನೆ ಎರಡೂ ಭಾಷೆಯಲ್ಲಿ ಇರುತ್ತದೆ. ಪಾಠ ಇನ್ನೂ ಆಗಿಲ್ಲದಿದ್ದರೂ ಪರವಾಗಿಲ್ಲ, ಉತ್ತರ ಬರೆಯಬೇಕಿಲ್ಲ. ಇಂಗ್ಲಿಷ್ ಪ್ರಶ್ನೆ ಓದಿ, ಏನು ಕೇಳುತ್ತಿದ್ದಾರೆ ಅಂತ ಊಹಿಸಿ, ಕನ್ನಡದ್ದು ನೋಡಿ ಸರಿಯೇ ಅಂತ ತಾಳೆ ಹಾಕಿ.

ಈ ಹೊತ್ತಿನಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿಸುವ ಪೋಷಕರಿದ್ದಾರೆ. ನನ್ನ ಮಾತು ಕೇಳಿದರೆ ಮೊದಲ ವರ್ಷ ಅದು ಬೇಡ. ಮಾತಿನ ಭಾಷೆ ಬೇರೆ, ಪಾಠದ ಭಾಷೆ ಬೇರೆ. ಕೆನಡಾದಲ್ಲಿ ವಲಸೆ ಬಂದ ಮಕ್ಕಳ ಕಲಿಕೆಯನ್ನು ನೋಡಿದ ಜಿಮ್ ಕಮಿನ್ಸ್ ಇದನ್ನು ದಶಕಗಳ ಹಿಂದೆಯೇ ಬೇರ್ಪಡಿಸಿ ತೋರಿಸಿದರು. ಆಟದ ಬಯಲಿನ ಮಾತು ಸುಮಾರು ಎರಡು ವರ್ಷದಲ್ಲಿ ಬರುತ್ತದೆ, ಪಾಠದ ಭಾಷೆ ಹಿಡಿತಕ್ಕೆ ಬರಲು ಐದು ವರ್ಷವೋ ಅದಕ್ಕಿಂತ ಜಾಸ್ತಿಯೋ ಬೇಕು ಅಂದರು. ಅಂಗಡಿಯಲ್ಲಿ ಇಂಗ್ಲಿಷಿನಲ್ಲಿ ಚೌಕಾಸಿ ಮಾಡಲು ಕಲಿತರೆ ಥರ್ಮೋಡೈನಮಿಕ್ಸ್ ಸುಲಭ ಆಗುವುದಿಲ್ಲ. ಪಾಠದ ಇಂಗ್ಲಿಷ್ ಪಾಠದ ಪುಸ್ತಕದಿಂದಲೇ ಬರಬೇಕು. ಅದೃಷ್ಟಕ್ಕೆ ನೀವು ಹೊಸ ಮಗುವಿನ ಹಾಗೆ ಶುರು ಮಾಡುತ್ತಿಲ್ಲ, ವಿಷಯ ಅರ್ಧ ಗೊತ್ತಿದೆ.

ಹೆಜ್ಜೆ 5: ತಲೆ ಆಡಿಸುವವರನ್ನು ನಂಬಬೇಡಿ

ಪಕ್ಕದ ಬೆಂಚಿನವರಿಗೆಲ್ಲ ಗೊತ್ತು ಅನ್ನಿಸುತ್ತಿದೆ ಅಲ್ವಾ? ಒಂದು ಪ್ರಶ್ನೆ ಕೇಳಿ ನೋಡಿ. ಚೆಂಡನ್ನು ನೇರ ಮೇಲಕ್ಕೆ ಎಸೆದೆ. ತುದಿಗೆ ಹೋಗಿ ಒಂದು ಕ್ಷಣ ನಿಂತಿತು. ಆ ಕ್ಷಣದಲ್ಲಿ ಅದರ ವೇಗೋತ್ಕರ್ಷ ಎಷ್ಟು? ತರಗತಿಯ ಬಹುಪಾಲು ಜನ, ಯಾವ ಮಾಧ್ಯಮದವರಾದರೂ, ಥಟ್ಟನೆ ಸೊನ್ನೆ ಅನ್ನುತ್ತಾರೆ. ಸೊನ್ನೆ ಆಗಿರುವುದು ವೇಗ. ವೇಗೋತ್ಕರ್ಷ ಆಗಲೂ 9.8, ಕೆಳಮುಖವಾಗಿ. ಅದೂ ಸೊನ್ನೆಯಾಗಿದ್ದರೆ ಚೆಂಡು ಅಲ್ಲೇ ನಿಂತಿರಬೇಕಿತ್ತು, ಕೆಳಗೆ ಬರುತ್ತಿರಲಿಲ್ಲ.

‘ಆಕ್ಸಿಲರೇಷನ್’ ಅನ್ನುವ ಪದ ಸಲೀಸಾಗಿ ಬಾಯಿಗೆ ಬಂದವರಿಗೆ ವಿಷಯವೂ ಬಂದಂತೆ ಅನ್ನಿಸಿರುತ್ತದೆ. ನಿಮಗೆ ಆ ಭ್ರಮೆ ಇಲ್ಲ. ಪದ ಕಂಡ ಕಡೆಯಲ್ಲೆಲ್ಲ ‘ಅಂದರೆ ಏನು?’ ಅಂತ ಕೇಳಿಕೊಳ್ಳಲೇಬೇಕಾದ ಪರಿಸ್ಥಿತಿ. ಫಿಸಿಕ್ಸ್ ಕಲಿಸುವವನಾಗಿ ಹೇಳುತ್ತೇನೆ, ಮಕ್ಕಳಲ್ಲಿ ಈ ಒಂದು ಅಭ್ಯಾಸ ಹುಟ್ಟಿಸಲು ನಾವು ಎರಡು ವರ್ಷ ಒದ್ದಾಡುತ್ತೇವೆ. ನಿಮಗೆ ಅದು ಕಷ್ಟದ ರೂಪದಲ್ಲಿ ಪುಕ್ಕಟೆ ಬಂದಿದೆ. ಕೆಲವು ತಿಂಗಳಲ್ಲಿ ಪದಗಳು ಪಳಗಿ ಈ ಪ್ರಶ್ನೆ ತಾನಾಗಿ ಏಳುವುದು ನಿಂತುಹೋಗುತ್ತದೆ. ಅಷ್ಟರೊಳಗೆ ಅದನ್ನು ರೂಢಿ ಮಾಡಿಕೊಳ್ಳಬೇಕು.

ಅದಕ್ಕೆ ದಿನವೂ ಒಂದು ಕೆಲಸ. ಆ ದಿನದ ಪಾಠದಲ್ಲಿ ಒಂದೇ ಒಂದು ವಿಚಾರವನ್ನು ಮನೆಯಲ್ಲಿ ಯಾರಿಗಾದರೂ ಕನ್ನಡದಲ್ಲಿ ಹೇಳಿ. ಅಮ್ಮನಿಗೆ ಕುಕ್ಕರಿನಲ್ಲಿ ಬೇಳೆ ಯಾಕೆ ಬೇಗ ಬೇಯುತ್ತದೆ ಅಂತ ಹೇಳಿ: ಒತ್ತಡ ಏರಿದರೆ ನೀರು ಕುದಿಯುವ ತಾಪವೂ ಏರುತ್ತದೆ, 100ರ ಬದಲು 120 ಡಿಗ್ರಿಯ ಹತ್ತಿರ. ‘ಯಾಕೆ ಏರುತ್ತೆ?’ ಅಂತ ಅವರು ತಿರುಗಿ ಕೇಳಿದಾಗ ನೀವು ತಡವರಿಸಿದರೆ ಅಲ್ಲಿ ‘ವಿ’ ಗುರುತು ಹಾಕಿ. ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ್ದರೆ ಈ ಬಿರುಕು ಕಾಣುತ್ತಲೇ ಇರಲಿಲ್ಲ.

ಹೆಜ್ಜೆ 6: ಪ್ರಶ್ನೆ ಕೇಳಿ, ಕನ್ನಡದಲ್ಲೇ

ಇಡೀ ತರಗತಿಯ ಮುಂದೆ ಎದ್ದು ನಿಲ್ಲುವ ಧೈರ್ಯ ಇಲ್ಲದಿದ್ದರೆ ಬೇಡ. ಸ್ಟಾಫ್ ರೂಮಿಗೆ ಬನ್ನಿ. ‘ಅರ್ಥ ಆಗ್ಲಿಲ್ಲ ಸಾರ್’ ಅಂತ ಮಾತ್ರ ಹೇಳಬೇಡಿ. ಆಗ ನಾವು ಅದೇ ಪಾಠವನ್ನು ಅದೇ ಇಂಗ್ಲಿಷಿನಲ್ಲಿ ಇನ್ನೊಂದು ಸಲ ಹೇಳುತ್ತೇವೆ, ನೀವು ಇನ್ನೊಂದು ಸಲ ತಲೆ ಆಡಿಸುತ್ತೀರಿ. ಗುರುತು ಹಾಕಿದ ಪುಟ ತೋರಿಸಿ. ‘ಮೇಡಂ, ಇಲ್ಲಿವರೆಗೆ ಗೊತ್ತಾಯ್ತು. ಈ ಸಾಲಿನಿಂದ ಈ ಸಾಲಿಗೆ ಹೇಗೆ ಬಂತು?’ ಅಂತ ಬೆರಳಿಟ್ಟು ಕೇಳಿ. ಎಂಥ ಅವಸರದ ಮೇಷ್ಟ್ರೂ ಇದಕ್ಕೆ ಉತ್ತರ ಕೊಡುತ್ತಾರೆ. ರೇಗುವವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಅಂಥ ಕಡೆ ಅದೇ ಪುಟವನ್ನು ಸೀನಿಯರ್ ಹತ್ತಿರ ಒಯ್ಯಿರಿ. ಕನ್ನಡ ಮಾಧ್ಯಮದಿಂದ ಬಂದು ದ್ವಿತೀಯ ಪಿಯುನಲ್ಲಿ ಇರುವ ಅಕ್ಕನೋ ಅಣ್ಣನೋ ಎಲ್ಲ ಕಾಲೇಜಿನಲ್ಲೂ ಸಿಗುತ್ತಾರೆ. ಅವರು ಕಳೆದ ವರ್ಷವಷ್ಟೇ ಅಲ್ಲಿ ಎಡವಿರುತ್ತಾರೆ, ಕಲ್ಲು ಎಲ್ಲಿದೆ ಅಂತ ಚೆನ್ನಾಗಿ ಗೊತ್ತು.

ಹೆಜ್ಜೆ 7: ಪುಸ್ತಕ ಮುಚ್ಚಿ ಬರೆಯಿರಿ

ಭಯ ಇದ್ದಾಗ ನಾವು ಮತ್ತೆ ಮತ್ತೆ ಓದುತ್ತೇವೆ. ಓದುತ್ತಾ ಹೋದಂತೆ ಪರಿಚಯದ ಭಾವ ಬರುತ್ತದೆ, ಗೊತ್ತಾಯಿತು ಅನ್ನಿಸುತ್ತದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿದರು. ಒಂದು ಗುಂಪಿನವರು ಪಠ್ಯವನ್ನು ಮತ್ತೆ ಓದಿದರು. ಇನ್ನೊಂದು ಗುಂಪಿನವರು ನೋಡದೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ನೆನಪಿನಿಂದ ಬರೆದವರು ಮುಂದಾದರು.

ಪ್ರತಿ ಅಧ್ಯಾಯ ಮುಗಿದ ಮೇಲೆ ಖಾಲಿ ಹಾಳೆ ತೆಗೆದುಕೊಂಡು ನೆನಪಿದ್ದದ್ದನ್ನು ಬರೆಯಿರಿ. ಮೊದಮೊದಲು ಕನ್ನಡ ಇಂಗ್ಲಿಷ್ ಕಲಸಿ ಬರೆದರೆ ಏನೂ ತಪ್ಪಿಲ್ಲ. ಪದ ಇಂಗ್ಲಿಷ್, ವಾಕ್ಯ ಕನ್ನಡ ಇರಲಿ. ಸೆಪ್ಟೆಂಬರ್ ಹೊತ್ತಿಗೆ ವ್ಯಾಖ್ಯೆಗಳನ್ನು ಪೂರ್ತಿ ಇಂಗ್ಲಿಷಿನಲ್ಲಿ, ಸಣ್ಣ ಸಣ್ಣ ವಾಕ್ಯದಲ್ಲಿ ಬರೆಯಲು ಶುರು ಮಾಡಿ. ವ್ಯಾಕರಣ ಸ್ವಲ್ಪ ಆಚೀಚೆ ಆದರೆ ಫಿಸಿಕ್ಸ್ ಉತ್ತರಕ್ಕೆ ದೊಡ್ಡ ನಷ್ಟ ಇಲ್ಲ. ಮುಖ್ಯ ಪದ, ಸೂತ್ರ, ಏಕಮಾನ, ಚಿತ್ರ ಸರಿ ಇರಬೇಕು.

ಮೊದಲ ಟೆಸ್ಟಿನ ಅಂಕ ಬಂದಾಗ

ಕಡಿಮೆ ಬರುತ್ತದೆ. ತೊಂಬತ್ತು ನೋಡಿ ರೂಢಿಯಾದವರಿಗೆ ನಲವತ್ತು ಕಂಡರೆ ಹೊಟ್ಟೆಯಲ್ಲಿ ಸಂಕಟ ಆಗುವುದು ಸಹಜ. ಆ ದಿನ ಏನೂ ತೀರ್ಮಾನ ಮಾಡಬೇಡಿ. ಮಾರನೇ ದಿನ ಉತ್ತರಪತ್ರಿಕೆ ಹಿಡಿದು ಹೋದ ಪ್ರತಿ ಅಂಕದ ಪಕ್ಕ ಅದೇ ಮೂರು ಗುರುತು ಹಾಕಿ. ಪದ ತಿಳಿಯದೆ ಹೋದದ್ದೆಷ್ಟು, ವಾಕ್ಯ ಬಿಡಿಸಲೋ ಬರೆಯಲೋ ಆಗದೆ ಹೋದದ್ದೆಷ್ಟು, ವಿಷಯ ಬರದೆ ಹೋದದ್ದೆಷ್ಟು. ಕೂಡಿಸಿ. ಮೊದಲ ಎರಡು ಸೇರಿ ಅರ್ಧಕ್ಕಿಂತ ಜಾಸ್ತಿ ಇದ್ದರೆ ನಿಮ್ಮ ಸಮಸ್ಯೆ ಭಾಷೆಯದು, ಅದು ಕರಗುವ ಸಮಸ್ಯೆ. ಟ್ಯೂಷನ್ ಬೇಕೋ ಬೇಡವೋ ಅನ್ನುವ ಪ್ರಶ್ನೆಗೂ ಈ ಲೆಕ್ಕದಲ್ಲೇ ಉತ್ತರ ಇದೆ. ಭಾಷೆಯ ತೊಡಕಿಗೆ ಟ್ಯೂಷನ್ ಹಾಕಿದರೆ, ಅಲ್ಲೂ ಅದೇ ಇಂಗ್ಲಿಷ್, ಅದೇ ಅವಸರ.

ಮಧ್ಯವಾರ್ಷಿಕದಲ್ಲಿ ಮತ್ತೆ ಹೀಗೇ ಲೆಕ್ಕ ಹಾಕಿ. ಆಗಲೂ ‘ವಿ’ ಗುರುತೇ ತುಂಬಿದ್ದು, ವಿಷಯದಲ್ಲಿ ಆಸಕ್ತಿಯೂ ಹುಟ್ಟದಿದ್ದರೆ ಸೈನ್ಸ್ ಬಿಡುವ ಬಗ್ಗೆ ಯೋಚಿಸಬಹುದು. ಆರ್ಟ್ಸ್, ಕಾಮರ್ಸ್, ಡಿಪ್ಲೊಮಾ ಯಾವುದೂ ಸೋತವರ ಜಾಗ ಅಲ್ಲ. ಆದರೆ ಜುಲೈ ತಿಂಗಳಲ್ಲಿ ಭಾಷೆಗೆ ಹೆದರಿ ಬಿಟ್ಟು ಹೋದವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಅವರಲ್ಲಿ ಒಳ್ಳೆಯ ತಲೆಗಳಿದ್ದವು.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ‘ಹೈಸ್ಕೂಲಿನಲ್ಲಿ ಅಷ್ಟು ಚೆನ್ನಾಗಿ ಓದ್ತಿದ್ದೆ, ಈಗೇನಾಯ್ತು?’ ಅನ್ನುವ ಪ್ರಶ್ನೆ ಬೇಡ. ಏನಾಯಿತು ಅಂತ ಅವರಿಗೂ ಗೊತ್ತಿಲ್ಲ. ಕಾನ್ವೆಂಟಿಗೆ ಹಾಕಬೇಕಿತ್ತು ಅಂತ ಅವರೆದುರು ಕೊರಗುವುದೂ ಬೇಡ. ಇವತ್ತು ಏನು ಹೊಸದು ಕಲಿತೆ, ನನಗೂ ಹೇಳು ಅನ್ನಿ. ನಿಮಗೆ ಅರ್ಥವಾಗದಿದ್ದರೂ ನಡೆಯುತ್ತದೆ.

ಗೊಂದಲ ಬೇರೆ, ಕುಗ್ಗಿಹೋಗುವುದು ಬೇರೆ. ಊಟ ಸೇರುತ್ತಿಲ್ಲ, ವಾರಗಟ್ಟಲೆ ನಿದ್ದೆ ಇಲ್ಲ, ಯಾರ ಜೊತೆಗೂ ಮಾತು ಬೇಡ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಮೇಲಿನ ಹೆಜ್ಜೆಗಳೆಲ್ಲ ಪಕ್ಕಕ್ಕಿರಲಿ. ಮನೆಯಲ್ಲಿ ಹೇಳಿ, ನಂಬುವ ಮೇಷ್ಟ್ರಿಗೆ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ದಸರಾ ರಜೆಯಲ್ಲಿ ಮುಗಿಸಬೇಕಾದ ಎರಡು ಕೆಲಸ

ಮೊದಲನೆಯದು ನೀಟ್ ಬರೆಯುವವರಿಗೆ. ನೀಟ್ 13 ಭಾಷೆಗಳಲ್ಲಿ ನಡೆಯುತ್ತದೆ, ಕನ್ನಡವೂ ಅದರಲ್ಲಿ ಒಂದು. ಕನ್ನಡ ಆರಿಸಿಕೊಂಡರೆ ಪ್ರಶ್ನೆಪುಸ್ತಿಕೆಯಲ್ಲಿ ಇಂಗ್ಲಿಷೂ ಇರುತ್ತದೆ. ಅನುವಾದದಲ್ಲಿ ಗೊಂದಲ ಬಂದರೆ ಇಂಗ್ಲಿಷ್ ಪ್ರಶ್ನೆಯೇ ಅಂತಿಮ. ಎರಡು ವರ್ಷ ಇಂಗ್ಲಿಷಿನಲ್ಲಿ ಓದಿ ಪರೀಕ್ಷೆಯ ಹೊತ್ತಿಗೆ ಧೈರ್ಯಕ್ಕೆ ಕನ್ನಡ ಆರಿಸುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ. ಪಿಯು ಮಟ್ಟದ ಎಷ್ಟೋ ಕನ್ನಡ ಪದಗಳನ್ನು ನೀವು ಓದಿಯೇ ಇರುವುದಿಲ್ಲ. ಯಾವ ಭಾಷೆ ಅಂತ ಪ್ರಥಮ ಪಿಯುನಲ್ಲೇ ಯೋಚಿಸಿ, ಎರಡರಲ್ಲೂ ಹಳೆಯ ಪತ್ರಿಕೆ ಬಿಡಿಸಿ ನೋಡಿ, ಆಮೇಲೆ ತೀರ್ಮಾನಿಸಿ.

ಎರಡನೆಯದು ಕಾಗದಪತ್ರ. ಸಿಇಟಿ ಮೂಲಕ ಸೀಟು ಹಂಚುವಾಗ 1ರಿಂದ 10ನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5, ಅದೇ ಹತ್ತು ವರ್ಷ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15 ಮೀಸಲಾತಿ ಇದೆ. ಪಕ್ಕದ ಬೆಂಚಿನವರ ಎದುರು ಮುಚ್ಚಿಡುತ್ತಿದ್ದ ಕನ್ನಡ ಶಾಲೆಗೆ ಇಲ್ಲಿ ಅಧಿಕೃತ ಬೆಲೆ ಉಂಟು. ಓದಿದ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ಬರೆಸಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಮಾಡಿಸಿ ಇಟ್ಟುಕೊಳ್ಳಿ. ಎರಡು ಮೂರು ಶಾಲೆ ಬದಲಿಸಿದ್ದರೆ ಪ್ರತಿ ಶಾಲೆಗೂ ಹೋಗಬೇಕು, ಬಿಇಒ ಕಚೇರಿಗೆ ಒಂದೆರಡು ಓಡಾಟ ಆಗೇ ಆಗುತ್ತದೆ. ದ್ವಿತೀಯ ಪಿಯು ಪರೀಕ್ಷೆಯ ನಡುವೆ ಇದಕ್ಕೆ ಅಲೆಯುವುದು ಬೇಡ. ಆಯಾ ವರ್ಷದ ನಮೂನೆ, ನಿಯಮಗಳನ್ನು ಪರೀಕ್ಷಾ ಪ್ರಾಧಿಕಾರದ ಮಾಹಿತಿ ಪುಸ್ತಿಕೆಯಲ್ಲಿ ನೋಡಿ. ನಿಮ್ಮ ಹೆಸರಿನ ಅಕ್ಷರಗಳು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವ ಹಾಗೆಯೇ ಇವೆಯಾ ಅಂತ ಸಹಿ ಹಾಕಿಸುವ ಮೊದಲೇ ನೋಡಿಕೊಂಡು, ಎರಡು ಜೆರಾಕ್ಸ್ ತೆಗೆದಿಡಿ.